ಗಟ್ಟಿಮೇಳಕ್ಕೆ ಗಿಟಾರು

ಸಂಗೀತದ ಗಂಧವೇ ಇಲ್ಲದ ಊರಿನಲ್ಲಿ ಸಂಗೀತಗಾರನಾಗುವುದು ಅಂಥ ಕಷ್ಟದ ಕೆಲಸವಲ್ಲ. ಏನು ಬಾರಿಸಿದರೂ ಜನ ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೆ ಚಪ್ಪಾಳೆ ತಟ್ಟಿ, ಪಾಪದ ಹುಡುಗ ಎಂದುಕೊಂಡು ಮನೆಗೆ ಹೋಗುತ್ತಾರೆ. ಕಷ್ಟವಿರುವುದು ಎಲ್ಲರಿಗೂ ಸಂಗೀತ ಗೊತ್ತಿರುವ ಊರಿನಲ್ಲಿ. ನಮ್ಮ ಸೀಮೆ ಅಂಥದ್ದು. ಮೈಸೂರು ಪಕ್ಕದಲ್ಲೇ ಇದೆ. ಅಲ್ಲಿ ರಾಮನವಮಿಯ ಚಪ್ಪರದಲ್ಲಿ ಯಾರೋ ಹಾಡಿದ್ದು ಮರುದಿನ ಶ್ರೀರಂಗಪಟ್ಟಣದ ಹೋಟೆಲಿನಲ್ಲಿ ಇಡ್ಲಿಯ ಜೊತೆ ವಿಚಾರಣೆಗೆ ಬರುತ್ತದೆ. ಪಾಂಡವಪುರದಲ್ಲಿ ಬೀದಿಗೊಂದು ಭಜನೆಮನೆ. ನಾಗಮಂಗಲ, ಕೆ.ಆರ್. ಪೇಟೆಯ ಕಡೆ ಪೌರಾಣಿಕ ನಾಟಕ ಕಟ್ಟದ ಹಳ್ಳಿಯೇ ಇಲ್ಲ. ಬೆಳಿಗ್ಗೆ ಗೊಬ್ಬರದ ಕುಕ್ಕೆ ಹೊತ್ತವನೇ ಸಂಜೆ ಕಿರೀಟ ಹೊತ್ತು, ಹಾರ್ಮೋನಿಯಂ ಮೇಷ್ಟರ ಕಣ್ಸನ್ನೆಗೆ ಸರಿಯಾಗಿ ಕಂದಪದ್ಯ ಎತ್ತುತ್ತಾನೆ. ಇಂಥ ಕಡೆ, ತೊಂಬತ್ತರ ದಶಕದಲ್ಲಿ, ನಾವು ಮೂವರು ರಾಕ್ ಸಂಗೀತ ನುಡಿಸುತ್ತೇವೆಂದು ಹೊರಟೆವು. ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆಯೇ ಕನಿಕರ ಬರುತ್ತದೆ.

ಮೂವರೆಂದರೆ ನಾನು, ಪುಟ್ಟರಾಜು, ನಯಾಜ್. ನಾನು ಶಿವಣ್ಣ, ಪಾಂಡವಪುರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ, ಗಿಟಾರು ನನ್ನದು. ಪುಟ್ಟರಾಜು ಕೆ.ಆರ್. ಪೇಟೆಯ ರೈಸ್‌ಮಿಲ್ಲಿನವರ ಮಗ, ಡ್ರಮ್ಮು ಅವನದು. ನಯಾಜನದು ಶ್ರೀರಂಗಪಟ್ಟಣದ ಗಂಜಾಂನಲ್ಲಿ ವೆಲ್ಡಿಂಗ್ ಅಂಗಡಿ. ದಪ್ಪ ತಂತಿಯ ಬೇಸ್ ಗಿಟಾರು ನುಡಿಸುತ್ತ ಹಾಡುವವನೂ ಅವನೇ. ಮೈಸೂರಿನಲ್ಲಿ ಕಾಲೇಜು ಓದುವಾಗ ಮೂವರೂ ಒಂದೇ ರೂಮಿನಲ್ಲಿದ್ದೆವು. ಪಕ್ಕದ ರೂಮಿನಲ್ಲಿ ಶಿಲ್ಲಾಂಗಿನಿಂದ ಓದಲು ಬಂದಿದ್ದ ಹುಡುಗನೊಬ್ಬ ಸಂಜೆಯಾದರೆ ಗೋಡೆ ಅದುರುವ ಹಾಗೆ ಕ್ಯಾಸೆಟ್ ಹಾಕುತ್ತಿದ್ದ. ಮೊದಲು ಜಗಳಕ್ಕೆ ಹೋದೆವು. ಆಮೇಲೆ ಬಾಗಿಲಲ್ಲಿ ನಿಂತು ಕೇಳಿದೆವು. ಕೊನೆಗೆ ಅವನಿಗೇ ಕೂರಲು ಜಾಗವಿಲ್ಲದಂತೆ ಒಳಗೆ ಹೋಗಿ ಕೂತೆವು. ಊರಿಗೆ ಮರಳುವಾಗ ಡಿಗ್ರಿ ಕೈಗೆ ಬಂದಿತ್ತೋ ಇಲ್ಲವೋ, ಕೂದಲು ಮಾತ್ರ ಹೆಗಲಿಗೆ ಬಂದಿತ್ತು. ತಂಡಕ್ಕೆ ‘ಸಿಡಿಲು’ ಎಂದು ಹೆಸರಿಟ್ಟುಕೊಂಡೆವು. ಇಡೀ ಜಿಲ್ಲೆಗೆ ನಮ್ಮದೇ ಮೊದಲ ರಾಕ್ ತಂಡ ಎಂದು ನಯಾಜ್ ಎದೆಯುಬ್ಬಿಸಿ ಹೇಳುತ್ತಿದ್ದ. ಎರಡನೆಯದು ಹುಟ್ಟಿದ ಸುದ್ದಿ ನನ್ನ ಕಿವಿಗಂತೂ ಬೀಳಲಿಲ್ಲ.

ದೊಡ್ಡ ಪಟ್ಟಣಗಳಲ್ಲಿ ನಮ್ಮಂಥವರನ್ನು ಅಂಡರ್‌ಗ್ರೌಂಡ್ ಸಂಗೀತಗಾರರು ಎನ್ನುತ್ತಾರಂತೆ. ನಾವು ನೆಲದ ಕೆಳಗೇನೂ ಇರಲಿಲ್ಲ; ನೆಲದ ಮೇಲೆ ನಮಗೆ ಜಾಗವಿರಲಿಲ್ಲ, ಅಷ್ಟೆ. ಮೊದಲು ನಮ್ಮ ಮನೆಯ ತಾರಸಿಯ ಮೇಲೆ ಅಭ್ಯಾಸ ಶುರು ಮಾಡಿದೆವು. ಕೆಳಗೆ ಕೊಟ್ಟಿಗೆ. ವಾರ ಕಳೆಯುವುದರೊಳಗೆ ನಮ್ಮವ್ವ ಖಾಲಿ ಚೊಂಬು ಹಿಡಿದು ಮೆಟ್ಟಿಲು ಹತ್ತಿ ಬಂದಳು. “ಎಮ್ಮೆ ಕೆಚ್ಚಲು ಮುಟ್ಟುಸ್ಕೊಳ್ತಾ ಇಲ್ಲ ಕಣಪ್ಪ. ನಿಮ್ಮ ಪದ ಬೇಕೋ, ಡೈರಿಗೆ ಹಾಲು ಬೇಕೋ, ನೀವೇ ಯೋಳ್ಬುಡಿ,” ಎಂದಳು. ನಾವು ಇಳಿದೆವು. ನಯಾಜನ ಅಂಗಡಿಯಲ್ಲಿ ನುಡಿಸಿದರೆ ಗಿರಾಕಿಗಳು ಗೇಟು ಎಲ್ಲಿ ಬಿತ್ತೋ ಎಂದು ಓಡಿಬರುತ್ತಿದ್ದರು. ಪುಟ್ಟರಾಜುವಿನ ಮಿಲ್ಲಿನಲ್ಲಿ ಇನ್ನೊಂದು ಫಜೀತಿ: ಕರೆಂಟು ಇದ್ದರೆ ಮಿಲ್ಲು ಓಡುತ್ತದೆ, ನಮ್ಮ ಸದ್ದು ನಮಗೇ ಕೇಳುವುದಿಲ್ಲ, ಕರೆಂಟು ಹೋದರೆ ಮಿಲ್ಲು ನಿಲ್ಲುತ್ತದೆ, ಗಿಟಾರೂ ನಿಲ್ಲುತ್ತದೆ. ಕಡೆಗೆ ಪಾಂಡವಪುರದ ಹೊರಗೆ ಒಂದು ಆಲೆಮನೆ ಸಿಕ್ಕಿತು. ಕಬ್ಬು ಅರೆಯುವ ಗಾಣದ ಸದ್ದು, ಡೀಸೆಲ್ ಇಂಜಿನ್ನಿನ ಸದ್ದು, ಕುದಿಯುವ ಕೊಪ್ಪರಿಗೆಯ ಬುಸುಬುಸು. ಇವುಗಳ ನಡುವೆ ನಮ್ಮ ಮೇಲೆ ದೂರು ಹೇಳುವವರು ಯಾರು? ಒಂದೇ ಒಂದು ಸಲ ಬೆಲ್ಲ ತೆಗೆಯುವ ಯಜಮಾನ ನಮ್ಮ ಮೂಲೆಗೆ ಗಾಬರಿಯಿಂದ ಓಡಿಬಂದ. ಅವತ್ತು ನಾವು ಬಾರಿಸುವುದನ್ನು ನಿಲ್ಲಿಸಿದ್ದೆವು. “ಗಾಣ ಎಲ್ಲೋ ಕಚ್ಕೊಂಡು ನಿಂತೋಯ್ತು ಅನ್ಕಂಡೆ ಕಣ್ರಪ್ಪ,” ಎಂದು ಬೆವರು ಒರೆಸಿಕೊಂಡ.

ಗಿಟಾರನ್ನು ಊರಿಂದೂರಿಗೆ ಒಯ್ಯುವುದೇ ಒಂದು ಪ್ರಬಂಧದಷ್ಟು ದೊಡ್ಡ ಕತೆ. ಅದಕ್ಕೆ ತಕ್ಕ ಚೀಲ ಸಿಕ್ಕದೆ ನಾನು ಎರಡು ಯೂರಿಯಾ ಚೀಲ ಸೇರಿಸಿ ಹೊಲಿಸಿಕೊಂಡಿದ್ದೆ. ಬಸ್ಸಿನಲ್ಲಿ ಅದನ್ನು ಕಂಡವರಲ್ಲಿ ಅರ್ಧ ಜನ ಔಷಧಿ ಹೊಡೆಯುವ ಯಂತ್ರವೆಂದು ತಿಳಿದು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು. ಅದರಿಂದ ನನಗೆ ಕೂರಲು ಜಾಗ ಸಿಗುತ್ತಿತ್ತು, ಸುಳ್ಳೇಕೆ ಹೇಳಲಿ. ಉಳಿದರ್ಧ ಜನ ಚೀಲದ ಬಾಯಿ ಸರಿಸಿ ನೋಡಿ, “ವೀಣೆನಾ ಸ್ವಾಮಿ?” ಎನ್ನುತ್ತಿದ್ದರು. ಅಲ್ಲ, ಗಿಟಾರು ಎಂದರೆ ತಪ್ಪದೆ ಬರುತ್ತಿದ್ದ ಮುಂದಿನ ಪ್ರಶ್ನೆ, “ಇದ್ರಲ್ಲಿ ಯಾವ್ ರಾಗ ಬರ್ತದೆ?” ನಮ್ಮ ಕಡೆ ಈ ಪ್ರಶ್ನೆಯಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಕಂಡಕ್ಟರು ಕೇಳುತ್ತಿದ್ದ. ಕ್ಷೌರದಂಗಡಿಯವನು ನನ್ನ ಕೂದಲನ್ನು ಆಸೆಯಿಂದ ನೋಡುತ್ತ ಕೇಳುತ್ತಿದ್ದ. ನಮ್ಮಪ್ಪನಂತೂ ದಿನವೂ ಕೇಳುತ್ತಿದ್ದ. ಅವನು ಸುತ್ತಲಿನ ನಾಟಕಗಳಲ್ಲಿ ಕೃಷ್ಣನ ಪಾತ್ರಕ್ಕೆ ಹೆಸರಾದವನು. ಹಾಲು ಕರೆಯುವಾಗಲೂ ಶ್ರುತಿ ಬಿಡದವನು. ನಾನು ರಾಗವೇ ಇಲ್ಲ ಎಂದರೆ, “ರಾಗ ಇಲ್ಲ, ತಾಳ ಅಂತೂ ಅದೆ ಅಂತೀಯೆ. ಮತ್ಯಾಕ್ಲಾ ಆ ನಯಾಜ ಒಟ್ಟೆ ನೋವು ಬಂದೋನಂಗೆ ಕೂಗ್ತಾನೆ? ಒಳ್ಳೇ ಗಂಟ್ಲು, ಆಳ್ ಮಾಡ್ತಾ ಇದ್ದೀರಿ,” ಎಂದು ಬೇಸರಪಡುತ್ತಿದ್ದ. ಅವನ ದುಃಖ ನಿಜವಾದದ್ದು. ನಯಾಜನನ್ನು ಅರ್ಜುನನ ಪಾತ್ರಕ್ಕೆ ಎಳೆದುಕೊಳ್ಳಬೇಕೆಂದು ಅವನು ಬಹಳ ದಿನದಿಂದ ಕಣ್ಣಿಟ್ಟಿದ್ದ.

ಬೇರೆಯವರ ಇಂಗ್ಲಿಷ್ ಹಾಡುಗಳನ್ನು ಬಿಟ್ಟರೆ ನಮಗೆ ಸ್ವಂತದ್ದೆಂದು ಇದ್ದದ್ದು ಒಂದೇ ಹಾಡು. ‘ಸುಮ್ಕಿರಾಕಿಲ್ಲ’ ಎಂದು ಅದರ ಹೆಸರು. ನಮ್ಮ ಭಾಷೆಯಲ್ಲಿ, ನಮ್ಮ ಸೊಲ್ಲಿನಲ್ಲಿ, ನಾವೇ ಕಟ್ಟಿದ್ದು. ಮಾತು ನಯಾಜನದು, ಧಾಟಿ ನನ್ನದು, ಅಬ್ಬರ ಪುಟ್ಟರಾಜುವಿನದು. ಹಾಡು ಚೆನ್ನಾಗಿತ್ತು ಎಂದು ನಾನು ಈಗಲೂ ಧೈರ್ಯವಾಗಿ ಹೇಳುತ್ತೇನೆ. ಗಿಟಾರಿನ ಆ ಮೊದಲ ಎಳೆತ ಬಂದಾಗ ನನ್ನ ಮೈಮೇಲಿನ ಕೂದಲು ನಿಲ್ಲುತ್ತಿತ್ತು. ನುಡಿಸುತ್ತಿದ್ದವನು ನಾನೇ ಆದರೂ ನಿಲ್ಲುತ್ತಿತ್ತು. ನಮಗೆ ಹೆಸರು ಬೇಡ, ಸನ್ಮಾನ ಬೇಡ, ಕ್ಯಾಸೆಟ್ ಕೂಡ ಬೇಡ. ಈ ಒಂದು ಹಾಡನ್ನು ನಮ್ಮ ಜನರ ಮುಂದೆ, ಮೊದಲಿನಿಂದ ಕೊನೆಯವರೆಗೆ, ಒಂದೇ ಒಂದು ಸಲ ನುಡಿಸಬೇಕು. ಆಮೇಲೆ ಬೈದರೂ ಸರಿಯೆ. ಇಷ್ಟೇ ನಮ್ಮ ಆಸೆ. ಇಷ್ಟು ಸಣ್ಣ ಆಸೆಯನ್ನು ಕಂಡರೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅದೇನು ಮುನಿಸಿತ್ತೋ.

ಪಾಂಡವಪುರದ ಗಣೇಶನ ಪೆಂಡಾಲಿನಲ್ಲಿ ನಮಗೆ ಅರ್ಧ ಗಂಟೆ ಕೊಟ್ಟರು. ವೇದಿಕೆ ಹತ್ತಿದ ಮೇಲೆ ಒಬ್ಬ ಹಿರಿಯರು ಮೊದಲು ಗಣಪತಿಯ ಸ್ತುತಿಯಾಗಲಿ ಎಂದರು. ಅದಿಲ್ಲದೆ ನಮ್ಮಲ್ಲಿ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ. ನಮಗೆ ಅದು ಬಾರದು. ನಯಾಜ್ ಒಬ್ಬನಿಗೇ ಬರುತ್ತಿತ್ತು, ಚಿಕ್ಕಂದಿನಲ್ಲಿ ಸ್ಕೂಲಿನ ಪ್ರಾರ್ಥನೆಗೆ ಹಾಡುತ್ತಿದ್ದನಂತೆ. ಅವನು ಕಣ್ಣು ಮುಚ್ಚಿ ಎಂಥ ಚೆಂದಕ್ಕೆ ಹಾಡಿದನೆಂದರೆ ಜನ ಇನ್ನೊಂದು ಎಂದರು, ಮತ್ತೊಂದು ಎಂದರು, ಅರ್ಧ ಗಂಟೆ ದೇವರ ಪದಗಳಲ್ಲೇ ಮುಗಿಯಿತು. ನಾನೂ ಪುಟ್ಟರಾಜುವೂ ವೇದಿಕೆಯ ಮೇಲೆ ಕೈಕಟ್ಟಿ ನಿಂತು ಅವನಿಗೆ ಶಾಲು ಹೊದಿಸುವುದನ್ನು ನೋಡಿದೆವು. ಇನ್ನೊಮ್ಮೆ ಅಪ್ಪನ ಕೈಕಾಲು ಹಿಡಿದು ಒಂದು ನಾಟಕದಲ್ಲಿ ಎರಡು ದೃಶ್ಯಗಳ ನಡುವೆ ನುಡಿಸಲು ಅನುಮತಿ ಪಡೆದೆವು. ನಾವು ಶುರು ಮಾಡಿದ್ದೇ ತಡ, ಪರದೆ ಎಳೆಯುವವನು ಇದು ದುರ್ಯೋಧನನ ಪ್ರವೇಶದ ಸಂಗೀತವೆಂದು ತಿಳಿದು ಪರದೆ ಎತ್ತಿಬಿಟ್ಟ. ದುರ್ಯೋಧನ ಗದೆ ತಿರುಗಿಸುತ್ತ ಬಂದವನು ನಮ್ಮ ಅಬ್ಬರಕ್ಕೆ ಇನ್ನಷ್ಟು ಉಬ್ಬಿ, ರಂಗವನ್ನು ಎರಡು ಸುತ್ತು ಹೆಚ್ಚಾಗಿಯೇ ತುಳಿದ. ಹಾರ್ಮೋನಿಯಂ ಮೇಷ್ಟರು ಕೈ ಎತ್ತಿ ನಮ್ಮನ್ನು ನಿಲ್ಲಿಸಿದರು. ನಾಟಕ ಮುಗಿದ ಮೇಲೆ ದುರ್ಯೋಧನನೇ ಹುಡುಕಿಕೊಂಡು ಬಂದು, “ನಾ ಬರೋವಾಗ್ಲೆಲ್ಲ ಅದನ್ನೇ ಬಾರ್ಸ್ರಪ್ಪ, ತೊಡೆಗೆ ಒಳ್ಳೆ ಸಕ್ತಿ ಬತ್ತದೆ,” ಎಂದ. ನಮ್ಮ ಹಾಡಿಗೆ ಸಿಕ್ಕ ಮೊದಲ ವಿಮರ್ಶೆ ಅದು.

ಹೀಗೆ ವರ್ಷಗಳು ಉರುಳುತ್ತಿರುವಾಗ ಪುಟ್ಟರಾಜುವಿಗೆ ಮದುವೆ ಗೊತ್ತಾಯಿತು. ಹುಡುಗಿ ನಾಗಮಂಗಲದವಳು, ಹೆಸರು ಸಾವಿತ್ರಿ, ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಒಳ್ಳೆಯ ಮನೆತನ. ಆದರೆ ಮಾತುಕತೆಯ ದಿನ ಪುಟ್ಟರಾಜುವಿನ ಅಪ್ಪ ಎಲ್ಲರೆದುರಿಗೇ ಹೇಳಿಬಿಟ್ಟಿದ್ದರು: ಮದುವೆಯಾದ ಮೇಲೆ ಹುಡುಗ ಮಿಲ್ಲು ನೋಡಿಕೊಳ್ಳುತ್ತಾನೆ, ಆ ಡ್ರಮ್ಮು ಗಿಮ್ಮು ಎಲ್ಲ ಅಟ್ಟ ಸೇರುತ್ತದೆ. ಪುಟ್ಟರಾಜು ಹೂಂ ಎಂದು ತಲೆ ಅಲ್ಲಾಡಿಸಿದ. ಅವನು ಅಪ್ಪನೆದುರು ಮಾತಾಡಿದವನೇ ಅಲ್ಲ. ಮಾತಾಡುವುದನ್ನೆಲ್ಲ ಡ್ರಮ್ಮಿನ ಮೇಲೆ ತೀರಿಸಿಕೊಳ್ಳುತ್ತಿದ್ದ. ಸುದ್ದಿ ತಿಳಿಸಲು ಆಲೆಮನೆಗೆ ಬಂದವನು ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತು ಒಂದೊಂದೇ ಸಿಪ್ಪೆ ಮುರಿದು ಹಾಕಿದ. ಆಮೇಲೆ, “ಆರತಕ್ಷತೆ ದಿಸ ನಮ್ಮುಡುಗ್ರು ಬಾರುಸ್ತಾರೆ ಅಂತ ಅಪ್ಪನ್ನ ಒಪ್ಸಿವ್ನಿ. ನಾನು ಆ ಡ್ರೆಸ್ಸಲ್ಲೇ ಎದ್ಬಂದು ಡ್ರಮ್ಮು ಬಾರುಸ್ತೀನಿ. ಪೂರ್ತಿ ಹಾಡು. ಅದೊಂದು ಆಗೋಗ್ಲಿ ಕಣ್ಲಾ ಶಿವ, ಆಮೇಲೆ ಅಟ್ಟಕ್ಕಾದ್ರೂ ಆಕ್ಲಿ, ಒಲೆಗಾದ್ರೂ ಆಕ್ಲಿ,” ಎಂದ. ನಯಾಜ್ ಅವನ ಹೆಗಲ ಮೇಲೆ ಕೈಯಿಟ್ಟು, “ಆಗುತ್ತೆ ಯಾರ್, ಯಾಕೆ ಆಗಲ್ಲ,” ಎಂದ. ನಾನು ಗಿಟಾರಿನ ತಂತಿ ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿದೆ.

ಆರತಕ್ಷತೆಯ ಸಂಜೆ ನಾಗಮಂಗಲದ ಛತ್ರದಲ್ಲಿ ಏನಾಯಿತೆಂದು ನೀವಾಗಲೇ ಊಹಿಸಿರುತ್ತೀರಿ. ಸಾಮಾನೆಲ್ಲ ವೇದಿಕೆಯ ಪಕ್ಕದಲ್ಲಿ ಜೋಡಿಸಿದ್ದೆವು. ಮದುಮಗ ಸೂಟು ಹಾಕಿಕೊಂಡು ಹೂವಿನ ಹಾರದ ಜೊತೆಯಲ್ಲೇ ಬಂದು ಡ್ರಮ್ಮಿನ ಹಿಂದೆ ಕೂತ. ಶುರುವಾಯಿತು. ಮೊದಲ ನುಡಿ ಮುಗಿಯುತ್ತಿದ್ದಂತೆ ಮೈಕ್‌ಸೆಟ್ಟಿನವನು ನಮ್ಮ ಸದ್ದನ್ನು ತಗ್ಗಿಸಿ, ಮೊದಲ ಪಂಕ್ತಿಗೆ ಎಲೆ ಹಾಕಿದೆ, ಎಲ್ಲರೂ ಊಟಕ್ಕೆ ಏಳಬೇಕು ಎಂದು ಕೂಗಿದ. ಮದುವೆಮನೆಯಲ್ಲಿ ಈ ಪ್ರಕಟಣೆಯ ಎದುರು ನಿಲ್ಲುವ ಸಂಗೀತ ಇನ್ನೂ ಹುಟ್ಟಿಲ್ಲ. ಕುರ್ಚಿಗಳು ಒಂದೇ ಸಲ ಸರಿದವು. ಅಷ್ಟರಲ್ಲಿ ಬೆಂಗಳೂರಿನ ನೆಂಟರು ಉಡುಗೊರೆ ಹಿಡಿದು ಸಾಲು ನಿಂತರು, ಮದುಮಗನನ್ನು ಫೋಟೋಕ್ಕೆ ಎಳೆದುಕೊಂಡು ಹೋದರು. ಹೋಗುವಾಗ ಪುಟ್ಟರಾಜು ಒಮ್ಮೆ ತಿರುಗಿ ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾನೂ ನಯಾಜೂ ಊಟಕ್ಕೆ ಕೂತೆವು. ಹೋಳಿಗೆ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲು ಅವತ್ತು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಮುಹೂರ್ತ. ಎದ್ದು ಸಾಮಾನು ಕಟ್ಟಿಕೊಳ್ಳೋಣವೆಂದು ಹೋದರೆ ಛತ್ರದಲ್ಲಿ ಗುಸುಗುಸು. ವಾಲಗದ ನಂಜುಂಡಯ್ಯನವರು ಬಂದಿಲ್ಲ. ನಂಜುಂಡಯ್ಯ ನಮ್ಮ ಸೀಮೆಗೆಲ್ಲ ಹೆಸರಾಂತ ನಾಗಸ್ವರದವರು. ಅವರ ದಿನ ನೋಡಿಕೊಂಡು ಲಗ್ನ ಗೊತ್ತು ಮಾಡುವವರೂ ಇದ್ದರು. ಹಿಂದಿನ ದಿನ ಚನ್ನರಾಯಪಟ್ಟಣದ ಕಡೆ ಒಂದು ಮದುವೆ ಮುಗಿಸಿ, ಮುಂಜಾನೆ ಬೆಳ್ಳೂರು ಕ್ರಾಸಿನಲ್ಲಿ ಇಳಿದು, ಅಲ್ಲಿಗೆ ಬರುವ ಹೆಣ್ಣಿನ ಕಡೆಯ ನೆಂಟರ ಬಸ್ಸು ಹತ್ತಬೇಕು ಎಂದು ಮಾತಾಗಿತ್ತು. ಆದರೆ ಅವತ್ತು ಭಾರಿ ಲಗ್ನ. ಕ್ರಾಸಿನ ಹೋಟೆಲುಗಳ ಮುಂದೆ ಮದುವೆಯ ಬಸ್ಸುಗಳೇ ಸಾಲಾಗಿ ನಿಂತಿದ್ದವು, ಎಲ್ಲದಕ್ಕೂ ಮುಂದೆ ಬಾಳೆಕಂದು, ಎಲ್ಲದರೊಳಗೂ ರೇಷ್ಮೆಸೀರೆ, ಮಲ್ಲಿಗೆ. ಕಾಫಿ ಕುಡಿದು ನಂಜುಂಡಯ್ಯನವರು ಒಂದು ಬಸ್ಸಿಗೆ ಹತ್ತಿದರು. ವಾಲಗದವರು ಬಂದರೆಂದು ಅಲ್ಲಿದ್ದವರು ಎದ್ದು ಕಿಟಕಿಯ ಪಕ್ಕ ಜಾಗ ಕೊಟ್ಟರು. ಎರಡು ರಾತ್ರಿಯ ನಿದ್ದೆ ಬಾಕಿ ಇದ್ದ ಅವರು ಕೂತಲ್ಲೇ ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಹೊಣಕೆರೆಯಲ್ಲಿ ಬೇರೆ ಯಾರದೋ ಚಪ್ಪರದ ಮುಂದೆ ಇದ್ದರು. ಅಲ್ಲಿ ಆಗಲೇ ಒಂದು ನಾಗಸ್ವರವಿತ್ತು. ಇಂಥ ವಿದ್ವಾಂಸರು ತಾವಾಗಿಯೇ ಬಂದಿರುವಾಗ ಕಳಿಸುವುದುಂಟೆ ಎಂದು ಆ ಮನೆಯವರು ಅವರನ್ನು ಕೂರಿಸಿಕೊಂಡುಬಿಟ್ಟರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಮ್ಮ ಛತ್ರದಲ್ಲಿದ್ದವನು ಅವರ ಜೊತೆಗಾರ, ಡೋಲಿನ ಸಿದ್ದಪ್ಪ ಒಬ್ಬನೇ. ಅವನು ನಾಗಮಂಗಲದವನಾದ್ದರಿಂದ ಸೈಕಲ್ಲಿನ ಹಿಂದೆ ಡೋಲು ಕಟ್ಟಿಕೊಂಡು ಬಂದಿದ್ದ.

ವಾಲಗವಿಲ್ಲದೆ ಮಿಕ್ಕ ಶಾಸ್ತ್ರಗಳು ಹೇಗೋ ನಡೆದವು. ತಾಳಿ ಕಟ್ಟುವ ಹೊತ್ತಿಗೆ ಮಾತ್ರ ಗಟ್ಟಿಮೇಳ ಆಗಲೇಬೇಕು. ಪುರೋಹಿತರು ತೋರುಬೆರಳು ಆಡಿಸಿ ‘ಗಟ್ಟಿಮೇಳ, ಗಟ್ಟಿಮೇಳ’ ಎಂದೊಡನೆ ನಾಗಸ್ವರ, ಡೋಲು ಎರಡೂ ಜೋರಾಗಿ, ಬಿರುಸಾಗಿ ಮೊಳಗಬೇಕು. ಆ ಗಳಿಗೆಯಲ್ಲಿ ಯಾರದಾದರೂ ಸೀನು, ಕೆಮ್ಮು, ಕೆಟ್ಟ ಮಾತು ಮದುಮಕ್ಕಳ ಕಿವಿಗೆ ಬೀಳಬಾರದು, ಅದಕ್ಕಾಗಿ ಈ ಏರ್ಪಾಡು. ಮೂರು ಗಂಟು ಬೀಳುವವರೆಗೆ ಮೇಳ ನಿಲ್ಲಕೂಡದು. ಒಂಟಿ ಡೋಲಿನಲ್ಲಿ ತಾಳಿ ಕಟ್ಟಿಸುವುದಕ್ಕೆ ಸಾವಿತ್ರಿಯ ಅಜ್ಜಿ ಸುತರಾಂ ಒಪ್ಪಲಿಲ್ಲ. “ಡೋಲು ಒಂದೇ ಬಾರ್ಸಕ್ಕೆ ಇದೇನು ಜಮೀನು ಅರಾಜಾ? ಜೋರಾಗಿ ಸದ್ದು ಬರೋದು ಏನಾರ ತನ್ನಿ,” ಎಂದರು. ಛತ್ರದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ನಮ್ಮ ಕಡೆ ತಿರುಗಿದರು. ಇಷ್ಟು ವರ್ಷ ನಾಲ್ಕು ತಾಲ್ಲೂಕಿನ ಜನ ನಮ್ಮನ್ನು ಕಂಡು ಸ್ವಲ್ಪ ಮೆಲ್ಲಗೆ, ಸ್ವಲ್ಪ ಮೆಲ್ಲಗೆ ಎಂದದ್ದೇ ಹೆಚ್ಚು. ಜೋರಾಗಿ ಬಾರಿಸಿ ಎಂದು ನಮ್ಮನ್ನು ಕೇಳಿದ್ದು ಅದೇ ಮೊದಲು, ಕೇಳಿದವರು ಪುಟ್ಟರಾಜುವಿನ ಅಪ್ಪನೇ. ಅವರು ಪೇಟ ಸರಿಪಡಿಸಿಕೊಳ್ಳುತ್ತ ನನ್ನ ಬಳಿ ಬಂದು, “ಏನಪ್ಪ ಶಿವಣ್ಣ, ನಿಮ್ದು ಅದೇನೋ ಅದೆಯಲ್ಲ, ಅದನ್ನೇ ಒಸಿ ಬಾರ್ಸ್ಬುಡಿ. ಗಂಟು ಬೀಳೋಗಂಟ ನಿಲ್ಲುಸ್‌ಬ್ಯಾಡಿ,” ಎಂದರು. ಅವರ ಧ್ವನಿಯಲ್ಲಿ ಬೇಡಿಕೆಯಿತ್ತು, ನುಂಗಿಕೊಂಡ ಔಷಧಿಯ ಕಹಿಯೂ ಇತ್ತು.

ನಾನು ಹಸೆಮಣೆಯ ಕಡೆ ನೋಡಿದೆ. ಬಾಸಿಂಗದ ಕೆಳಗಿಂದ ಪುಟ್ಟರಾಜು ನನ್ನನ್ನೇ ನೋಡುತ್ತಿದ್ದ. ಡ್ರಮ್ಮಿನ ಹಿಂದೆ ಅವನಿಲ್ಲ, ಅದರ ಮುಂದೆ ಸಿದ್ದಪ್ಪ ಡೋಲು ತೂಗುಹಾಕಿಕೊಂಡು ನಿಂತಿದ್ದ. “ನೀವು ಎತ್ಕಳಿ, ನಾನು ಇಡ್ಕತೀನಿ,” ಎಂದ. ಪುರೋಹಿತರ ಬೆರಳು ಆಡಿತು. ನಾನು ತಂತಿ ಎಳೆದೆ.

ಅಂಥ ‘ಸುಮ್ಕಿರಾಕಿಲ್ಲ’ವನ್ನು ನಾವು ಅದಕ್ಕೆ ಮೊದಲೂ ನುಡಿಸಿರಲಿಲ್ಲ, ಆಮೇಲೂ ನುಡಿಸಲಿಲ್ಲ. ಸಿದ್ದಪ್ಪನ ಕೋಲು ಡೋಲಿನ ಮೇಲೆ ಬಿದ್ದ ಹಾಗೆಲ್ಲ ನನ್ನ ಕೈ ತಾನಾಗಿಯೇ ಓಡಿತು. ನಯಾಜನ ಗಂಟಲು ಛತ್ರದ ಮಾಡಿಗೆ ಮುಟ್ಟಿತು. ಎಂಟೂರಿನ ನೆಂಟರು ಅಕ್ಷತೆ ಹಿಡಿದ ಕೈ ಎತ್ತಿಕೊಂಡೇ ನಿಂತರು. ಪುಟ್ಟರಾಜು ಮೊದಲ ಗಂಟು ಹಾಕಿದ. ಎರಡನೆಯದನ್ನೂ ಹಾಕಿದ. ಮೂರನೆಯದಕ್ಕೆ ದಾರದ ಎರಡು ತುದಿ ಹಿಡಿದವನು ಅಲ್ಲೇ ನಿಂತುಬಿಟ್ಟ. ನನಗೆ ಆಗಲೇ ಅರ್ಥವಾಯಿತು. ಗಂಟು ಬೀಳುವವರೆಗೆ ಯಾರ ಅಪ್ಪನೂ ಮೇಳ ನಿಲ್ಲಿಸುವಂತಿಲ್ಲ. ಊಟದ ಪ್ರಕಟಣೆಯಿಲ್ಲ, ಫೋಟೋದವರಿಲ್ಲ, ಹಾರ್ಮೋನಿಯಂ ಮೇಷ್ಟರಿಲ್ಲ. ಆ ಮಹಾನುಭಾವ ತನ್ನ ಮದುವೆಯನ್ನೇ ಹಿಡಿದು ನಿಲ್ಲಿಸಿ ನಮಗೆ ಹಾಡು ಮುಗಿಸಲು ಸಮಯ ಕೊಡುತ್ತಿದ್ದ. ನುಡಿಸುತ್ತಿದ್ದಂತೆಯೇ ನನ್ನ ಕಣ್ಣು ಮಂಜಾಯಿತು. ಎರಡನೆಯ ನುಡಿ ಆಯಿತು, ಮೂರನೆಯದೂ ಆಯಿತು, ನನ್ನೊಬ್ಬನ ಗಿಟಾರು ಬರುವ ಜಾಗವೂ ಬಂದು ಹೋಯಿತು. ಇದುವರೆಗೆ ಯಾರೂ ನಮ್ಮನ್ನು ಬಿಡದೆ ಇದ್ದ ಜಾಗಗಳನ್ನೆಲ್ಲ ದಾಟಿ ಹಾಡಿನ ತುದಿಗೆ ಬಂದು ನಿಂತೆವು.

ಅಲ್ಲಿ ನೋಡಿದರೆ ತುದಿಯೇ ಇಲ್ಲ. ಈ ಹಾಡು ಹೇಗೆ ಮುಗಿಯಬೇಕೆಂದು ನಾವು ಯಾವತ್ತೂ ಗೊತ್ತು ಮಾಡಿಕೊಂಡಿರಲಿಲ್ಲ. ಅಭ್ಯಾಸದಲ್ಲೂ ಕರೆಂಟೋ, ನಮ್ಮವ್ವನೋ, ನಯಾಜನ ಗಿರಾಕಿಗಳೋ ನಮ್ಮನ್ನು ನಿಲ್ಲಿಸುತ್ತಿದ್ದರು. ಯಾರೂ ನಿಲ್ಲಿಸದಿದ್ದಾಗ ಪುಟ್ಟರಾಜುವಿನ ಕೈ ಸೋತು ಡ್ರಮ್ಮು ನಿಂತರೆ ನಾವೂ ನಿಲ್ಲುತ್ತಿದ್ದೆವು. ಅವನೋ ಈಗ ತಾಳಿಯ ದಾರ ಹಿಡಿದು ನಾವು ಮುಗಿಸಲಿ ಎಂದು ಕಾಯುತ್ತಿದ್ದ. ಅವನು ಗಂಟು ಹಾಕಲಿ ಎಂದು ನಾವು ಕಾಯುತ್ತಿದ್ದೆವು. ಸಿದ್ದಪ್ಪ ಪುರೋಹಿತರ ಬೆರಳು ನೋಡುತ್ತಿದ್ದ, ಪುರೋಹಿತರು ಗಂಟು ಬೀಳದೆ ಬೆರಳು ಇಳಿಸುವಂತಿರಲಿಲ್ಲ. ನಾನು ಗಿಟಾರಿನ ಕುತ್ತಿಗೆ ಆಡಿಸಿ ಕಟ್ಟು ಎಂದು ಸನ್ನೆ ಮಾಡಿದೆ. ಅವನು ಗಲ್ಲ ಎತ್ತಿ ಮುಗಿಸು ಎಂದು ಸನ್ನೆ ಮಾಡಿದ. ನಯಾಜ್ ಹಾಡಿದ ನುಡಿಯನ್ನೇ ಮತ್ತೆ ಹಾಡಿದ, ಮತ್ತೂ ಹಾಡಿದ, ಕೊನೆಗೆ ನೆನಪಿಗೆ ಬಂದದ್ದನ್ನೆಲ್ಲ ಹಾಡಿದ. ಅದರಲ್ಲಿ ಅರ್ಧ ಉರ್ದು ಇತ್ತು, ಒಂದು ಕಡೆ ಗಣಪತಿಯೂ ಬಂದಂತೆ ನೆನಪು. ಅಕ್ಷತೆ ಎತ್ತಿ ಹಿಡಿದಿದ್ದ ಮುದುಕರ ಕೈಗಳು ನಡುಗತೊಡಗಿದವು. “ಕಟ್ಟಪ್ಪಾ, ಮೂರನೇದು ಕಟ್ಟಪ್ಪಾ, ಮುಹೂರ್ತ ಮೀರ್ತಾ ಇದೆ,” ಎಂದು ಪುರೋಹಿತರು ಕೂಗುತ್ತಿದ್ದದ್ದು ಅವರ ಬಾಯಿಯ ಆಕಾರದಿಂದಷ್ಟೇ ತಿಳಿಯುತ್ತಿತ್ತು.

ಕೊನೆಗೆ ಸಾವಿತ್ರಿಯೇ ದಾರಿ ತೋರಿದಳು. ಅವಳು ತಲೆ ಎತ್ತಲಿಲ್ಲ. ಪುರೋಹಿತರ ಮಂತ್ರಕ್ಕೆಂದು ಇಟ್ಟಿದ್ದ ಮೈಕು ಅವಳ ಮುಖದ ಹತ್ತಿರವೇ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. “ಗಂಟಾಕ್ತೀರೋ, ಇಲ್ಲಾ ನಾನೇ ಎದ್ದೋಗ್ಲೋ?” ಎಂಬ ಮಾತು ನಮ್ಮ ಗಿಟಾರು, ಬೇಸು, ಡೋಲು ಎಲ್ಲವನ್ನೂ ಸೀಳಿಕೊಂಡು ಛತ್ರದ ನಾಲ್ಕೂ ಸ್ಪೀಕರುಗಳಿಂದ ಬಂತು. ಯಾವ ಮಾತು ಕಿವಿಗೆ ಬೀಳಬಾರದೆಂದು ಗಟ್ಟಿಮೇಳ ಮಾಡಿಸಿದ್ದರೋ ಅಂಥ ಮಾತೇ ಆಚೆ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು. ಪುಟ್ಟರಾಜು ಬೆಚ್ಚಿಬಿದ್ದು ಮೂರನೆಯ ಗಂಟು ಹಾಕಿದ. ಪುರೋಹಿತರ ಬೆರಳು ಇಳಿಯಿತು. ಸಿದ್ದಪ್ಪ ನಿಲ್ಲಿಸಿದ. ನಾವೂ ನುಡಿಯ ನಡುವಿನಲ್ಲಿ, ಎಂದಿನಂತೆ, ನಿಂತೆವು.

ಊಟದ ಹೊತ್ತಿಗೆ ಪುಟ್ಟರಾಜು ಹೆಂಡತಿಯ ಸೆರಗಿನ ಗಂಟು ಬಿಡಿಸಿಕೊಂಡು ನಾವು ಕೂತಲ್ಲಿಗೆ ಬಂದ. “ಮುಗಿಸ್ಲೇ ಇಲ್ವಲ್ರಲಾ ನೀವು,” ಎಂದ. “ನೀನು ಕಟ್ಟುದ್ರೆ ತಾನೆ ನಾವು ಮುಗ್ಸೋದು,” ಎಂದೆ. “ನೀವು ಮುಗ್ಸುದ್ರೆ ಕಟ್ಟಾನ ಅಂತ ನಾನು,” ಎಂದ. ಮೂವರೂ ಎಲೆಯ ಮುಂದೆ ಕೂತು ಬಿದ್ದು ಬಿದ್ದು ನಕ್ಕೆವು. ನಗುನಗುತ್ತ ನಯಾಜ್ ಕಣ್ಣೊರೆಸಿಕೊಂಡ. ಸಾರು ಖಾರ ಎಂದ. ಮಾರನೆಯ ವಾರ ಡ್ರಮ್ಮು ಅಟ್ಟಕ್ಕೆ ಹೋಯಿತು. ಆದರೆ ನಮ್ಮ ಹೆಸರು ಮಾತ್ರ ಹಬ್ಬಿತು. ಗಟ್ಟಿಮೇಳ ಅಂದರೆ ಅದಪ್ಪ ಎಂದು ಆ ಮದುವೆಗೆ ಬಂದವರೆಲ್ಲ ಹೇಳಿಕೊಂಡು ತಿರುಗಿದರು. ಆರೇಳು ಕಡೆಯಿಂದ ಕರೆಯೂ ಬಂತು. ಡ್ರಮ್ಮಿನವನಿಲ್ಲದ ತಂಡ ಎಲ್ಲಿಗೆ ಹೋಗುತ್ತದೆ?

ಒಂದೆರಡು ವರ್ಷ ಕಳೆದು ನನಗೂ ಲಗ್ನ ಗೊತ್ತಾಯಿತು, ಪಾಂಡವಪುರದಲ್ಲೇ. ಪುಟ್ಟರಾಜುವೂ ನಯಾಜೂ ಮನೆಗೆ ಬಂದರು. ಪುಟ್ಟರಾಜು ಹಣೆಯ ಬೆವರಿನ ಜೊತೆ ಮಿಲ್ಲಿನ ತೌಡನ್ನೂ ಒರೆಸಿಕೊಳ್ಳುತ್ತ, “ಡ್ರಮ್ಮು ಇಳಿಸ್ತೀನಿ ಕಣ್ಲಾ. ನಿನ್ನ ಗಟ್ಟಿಮೇಳಕ್ಕೆ ನಾವಿಬ್ರೂ ಬಾರುಸ್ತೀವಿ. ಈ ಸರ್ತಿ ಕೊನೆನೂ ಮಾಡ್ಕಂಡು ಬತ್ತೀವಿ,” ಎಂದ. ನಾನು ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ ಎಂದೆ. ಒಳಗೆ ಕೂತಿದ್ದ ಅಪ್ಪ ಇದನ್ನು ಕೇಳಿ ಆಶ್ಚರ್ಯದಿಂದ ಕನ್ನಡಕ ತೆಗೆದ. ಅವನನ್ನು ಯಾರೂ ಕೇಳಿರಲೇ ಇಲ್ಲ. ನಿಜ ಹೇಳುವುದಾದರೆ ನನಗೆ ದಿಗಿಲು. ಇಡೀ ಬಂಧುಬಳಗದ ಮುಂದೆ ದಾರ ಹಿಡಿದು ನಿಂತ ಪುಟ್ಟರಾಜುವಿನ ಮುಖ ನನಗೆ ಮರೆತಿರಲಿಲ್ಲ. ನಾನು ಬೆಳ್ಳೂರು ಕ್ರಾಸನ್ನು ನಂಬಲಿಲ್ಲ, ಯಾವ ಬಸ್ಸನ್ನೂ ನಂಬಲಿಲ್ಲ. ಖುದ್ದಾಗಿ ಹೋಗಿ ನಂಜುಂಡಯ್ಯನವರನ್ನು ಹಿಂದಿನ ದಿನವೇ ಕರೆತಂದು ನಮ್ಮ ಪಡಸಾಲೆಯಲ್ಲಿ ಮಲಗಿಸಿದೆ. ಸಾಲದ್ದಕ್ಕೆ, ಗಂಟು ಹಾಕುವುದನ್ನು ಹಾಲಿನ ಕ್ಯಾನಿನ ಕೊರಳಿಗೆ ದಾರ ಸುತ್ತಿ ಒಂದು ವಾರ ಅಭ್ಯಾಸ ಮಾಡಿದೆ. ಗಿಟಾರನ್ನು ಅಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರೆ ನನ್ನ ಹಣೆಬರಹವೇ ಬೇರೆಯಾಗುತ್ತಿತ್ತು.

ಮುಹೂರ್ತಕ್ಕೆ ಪುರೋಹಿತರ ಬೆರಳು ಆಡಿತು. ನಾಗಸ್ವರ ಎದ್ದಿತು. ನಾನು ಒಂದು, ಎರಡು, ಮೂರು ಎಂದು ಒಂದೇ ಉಸಿರಿಗೆ ಬಿಗಿದು ಕೈ ಕೊಡವಿದೆ. ಅಕ್ಷತೆ ಕೈಗೆ ತೆಗೆದುಕೊಳ್ಳಲೂ ಜನಕ್ಕೆ ಸಮಯ ಸಿಗಲಿಲ್ಲ. ಮೇಳ ನಿಂತಿತು. ಎಲ್ಲ ಸುಸೂತ್ರವಾಗಿ ನಡೆಯಿತೆಂದು ನಾನು ಹೆಮ್ಮೆಯಿಂದ ಪುಟ್ಟರಾಜು, ನಯಾಜ್ ಕೂತಿದ್ದ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ನಂಜುಂಡಯ್ಯನವರನ್ನು ನೋಡುತ್ತಿದ್ದರು. ಊಟವಾದ ಮೇಲೆ ತಾಂಬೂಲ ಕೊಡಲು ಹೋದಾಗ ಆ ಹಿರಿಯರು ನಾಗಸ್ವರವನ್ನು ಬಟ್ಟೆಯ ಚೀಲಕ್ಕೆ ಇಳಿಸುತ್ತಿದ್ದರು. ತಾಂಬೂಲ ತೆಗೆದುಕೊಂಡು ಒಳ್ಳೆಯದಾಗಲಿ ಎಂದು ಹರಸಿದರು. ಆಮೇಲೆ ಸಂಕೋಚದಿಂದ, “ಬೇಸರ ಮಾಡ್ಕಬ್ಯಾಡಿ ಸ್ವಾಮಿ. ನಿಮಗೂ ಸಂಗೀತ ಗೊತ್ತು ಅಂದ್ರು ಅಂತ ನಿನ್ನೆಯಿಂದ ಮನಸ್ನಲ್ಲಿ ಒಂದು ಕಟ್ಕಂಡಿದ್ದೆ. ಈಗ ಎತ್ತಿದ್ದೆ ಅಷ್ಟೆ. ಪೂರ್ತಿ ಮಾಡಕ್ಕೆ ಬುಡ್ಲೇ ಇಲ್ವಲ್ಲ ನೀವು,” ಎಂದರು.

ಎತ್ತಿದ ಹಾಡು ಅರ್ಧಕ್ಕೆ ನಿಂತರೆ ಎಂಥ ಸಂಕಟವಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಸೀಮೆಯಲ್ಲಿ ಯಾರೂ ಇಲ್ಲ. ಅದನ್ನು ಅವರಿಗೆ ಹೇಳಬೇಕೆನಿಸಿತು. ಯಾವ ಬಾಯಲ್ಲಿ ಹೇಳಲಿ?